ಎರಡನೇ ದೃಶ್ಯದ ಸದ್ದು

ಲಿಫ್ಟ್ ಮೆಕ್ಯಾನಿಕ್ ಬಿದ್ದದ್ದು ಲಿಫ್ಟಿನಿಂದಲ್ಲ, ಮೆಟ್ಟಿಲಿನಿಂದ. ಏಳನೇ ಮಹಡಿಯ ಮೋಟಾರು ಕೋಣೆಯಲ್ಲಿ ಕೆಲಸ ಮುಗಿಸಿ, ತಾನೇ ಸರಿ ಮಾಡಿದ ಲಿಫ್ಟ್ ಬರುವವರೆಗೆ ಕಾಯುವ ತಾಳ್ಮೆಯಿಲ್ಲದೆ ಇಳಿಯುತ್ತಿದ್ದಾಗ ಕಾಲು ಜಾರಿತು. ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, "ಆರು ವಾರ," ಎಂದರು.

"ಆರು ವಾರ ಎರಡು ದಿನಕ್ಕೆ ನಾಟಕ ಇದೆ," ಎಂದ ಮೆಕ್ಯಾನಿಕ್.

"ನೀವು ಪಾರ್ಟು ಮಾಡ್ತೀರಾ?"

"ಇಲ್ಲ. ಸದ್ದು ಮಾಡ್ತೀನಿ."

ಪಕ್ಕದಲ್ಲಿ ನಿಂತಿದ್ದ ಹೆಂಡತಿ, "ಮನೇಲೊಂದು ಮಿಷನ್ ಇಟ್ಕೊಂಡಿದ್ದಾರೆ ಡಾಕ್ಟ್ರೆ," ಎಂದು ರೋಗದ ಇನ್ನೊಂದು ಲಕ್ಷಣ ಹೇಳುವವಳಂತೆ ಹೇಳಿದಳು.

ಆ ಮಿಷನ್ ಹಿಂದಿನ ಚಿಕ್ಕ ಕೋಣೆಯಲ್ಲಿತ್ತು. ಆರು ವರ್ಷದಿಂದ ಅವನು ಬಿಡಿಬಿಡಿಯಾಗಿ ಕೂಡಿಸಿ, ಬೆಸುಗೆ ಹಾಕಿ ಕಟ್ಟಿದ ಸಿಂಥಸೈಸರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ. ಗೋಡೆಯಷ್ಟು ಅಗಲದ ಮರದ ಚೌಕಟ್ಟಿನಲ್ಲಿ ಮೂವತ್ತೆರಡು ಲೋಹದ ಫಲಕಗಳು. ಒಂದೊಂದರಲ್ಲೂ ತಿರುಗಿಸುವ ಗುಂಡಿಗಳು, ಕೇಬಲ್ ಚುಚ್ಚುವ ತೂತುಗಳು. ಒಂದು ಫಲಕ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದರ ಚೂಪು ಸವರುತ್ತದೆ, ಮತ್ತೊಂದು ಅದನ್ನು ಏರಿಸಿ ಇಳಿಸುತ್ತದೆ. ಯಾವುದು ಯಾವುದಕ್ಕೆ ಸೇರಬೇಕೆಂಬುದನ್ನು ಕೇಬಲ್ಲಿನಿಂದಲೇ ಹೇಳಬೇಕು. ಕೇಬಲ್ ಇಲ್ಲದಿದ್ದರೆ ಅದು ಮೂಕ. ಕಿತ್ತರೆ ಹೋದ ಸದ್ದು ಹೋದಂತೆಯೇ. ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಪಕ್ಕದಲ್ಲಿ, ಬಾಗಿಲು ಮುಚ್ಚಿದ ಸ್ಟುಡಿಯೋ ಒಂದರಿಂದ ತಂದ ಹಳೆಯ ಕೀಬೋರ್ಡ್ ಸಿಂಥ್. ಅದು ಬಿಸಿಯಾಗಿ ಶ್ರುತಿಗೆ ನಿಲ್ಲಲು ಇಪ್ಪತ್ತು ನಿಮಿಷ ಬೇಕು. ಅದರ ಮೇಲೆ, ಕೇಳಿದ್ದನ್ನು ತುಸು ತಡವಾಗಿ ತಿರುಗಿ ಹೇಳುವ ಟೇಪ್ ಪೆಟ್ಟಿಗೆ.

ಮನೆಯಲ್ಲಿ ಯಾರೂ ಇದನ್ನು ಕೇಳುತ್ತಿರಲಿಲ್ಲ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು, ಸಾಯಂಕಾಲ ಮನೆಗೆ ಬಂದು, "ಸವತಿ ಹೇಗಿದ್ದಾಳೆ?" ಎಂದು ಕೇಳುವುದಷ್ಟೇ ಅವಳ ಆಸಕ್ತಿ. ಬಾಯಿ ಸುಮ್ಮನಿರದ್ದಕ್ಕೆ ಗಿಣಿ ಎಂದು ಹೆಸರಾಗಿದ್ದ ಹದಿನೇಳರ ಮಗಳು ಆ ಕೋಣೆಯ ಬಾಗಿಲು ತೆರೆದರೆ ಕಿವಿಗೆ ಹೆಡ್‌ಫೋನ್ ಏರಿಸುತ್ತಿದ್ದಳು. ಅವನ ಅಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಅಮ್ಮನಿಗೆ ಅರುವತ್ತಾರು. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೋರ್ಡಿಗೆ ತಂತಿ ಚುಚ್ಚಿ ದೂರದೂರಿನ ಟ್ರಂಕ್ ಕಾಲ್ ಜೋಡಿಸಿದವಳು. ಅವರಿದ್ದ ಕಟ್ಟಡದ ಹಳಬರು ಅವಳನ್ನು ಇಂದಿಗೂ ಟ್ರಂಕಮ್ಮ ಎಂದೇ ಕರೆಯುತ್ತಿದ್ದರು.

ನಾಟಕದ ನಿರ್ದೇಶಕಿ ಇದ್ದದ್ದು ಮೆಕ್ಯಾನಿಕ್ ನೋಡಿಕೊಳ್ಳುತ್ತಿದ್ದ ಇನ್ನೊಂದು ಕಟ್ಟಡದಲ್ಲಿ. ಲಿಫ್ಟಿನಲ್ಲಿ ಅವನ ಫೋನು ರಿಂಗಾದಾಗ, ಆ ವಿಚಿತ್ರ ಸದ್ದು ಎಲ್ಲಿಯದೆಂದು ಕೇಳಿದರು. ತನ್ನ ಮಿಷನ್ನಿನದೇ ಎಂದ. ಮೂರು ದೃಶ್ಯಕ್ಕೆ ಸದ್ದು ಬೇಕು, ಮಾಡಿಕೊಡುತ್ತೀರಾ ಎಂದರು. ಆರು ವರ್ಷದಲ್ಲಿ ಅವನ ಮಿಷನ್ನನ್ನು ಬೇಕೆಂದು ಕೇಳಿದವರು ಅವರೊಬ್ಬರೇ.

ಆಸ್ಪತ್ರೆಯಿಂದ ಬಂದ ದಿನ ಊಟದ ಮೇಜಿನಲ್ಲಿ ಹೆಂಡತಿ ಅವನ ತಟ್ಟೆಯ ಆಲೂಗಡ್ಡೆ ಪುಡಿಮಾಡಿ ಕೊಟ್ಟಳು. ಅವನು ಚಮಚ ಎಡಗೈಯಲ್ಲಿ ಹಿಡಿದು, "ಆ ಕೇಬಲ್ ಎಡಗೈಗೆ ಬಗ್ಗಲ್ಲ. ಗಿಣಿ, ನೀನು ಚುಚ್ತೀಯೇನೆ?" ಎಂದ.

"ನನಗೆ ಪರೀಕ್ಷೆ ಇದೆಯಪ್ಪಾ."

"ನಾನು ಚುಚ್ತೀನಿ," ಎಂದಳು ಅಮ್ಮ.

ಅವನು ನಕ್ಕ. "ಅದು ಕಷ್ಟ ಅಮ್ಮ. ನೂರೆಂಬತ್ತು ತೂತು ಇದೆ."

"ನಮ್ಮ ಬೋರ್ಡಲ್ಲಿ ಆರುನೂರು ಇತ್ತು. ಬಟಾಣಿ ಇನ್ನೊಂದಿಷ್ಟು ಹಾಕ್ಲಾ?"

ಮೊದಲ ವಾರ ಹಬೆಯಾಡುವ ಚಹಾದಷ್ಟು ಹಿತವಾಗಿ ಹೋಯಿತು. ಮೆಕ್ಯಾನಿಕ್ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ: "ಎರಡನೇ ಸಾಲು, ಮೂರನೇ ಫಲಕ, ಕೆಳಗಿನ ತೂತು. ಹಳದಿ ಕೇಬಲ್." ಅವನು ಹೇಳಿ ಮುಗಿಸುವುದರೊಳಗೆ ಅಮ್ಮ ಚುಚ್ಚಿರುತ್ತಿದ್ದಳು. ಅವಳ ಬೆರಳು ತಡವರಿಸುತ್ತಿರಲಿಲ್ಲ. ಹಳೆಯ ಸಿಂಥ್ ಶ್ರುತಿ ತಪ್ಪಿ ಅಲೆದಾಡಿದರೆ, "ಬಿಡು, ಅದಕ್ಕೂ ಎದ್ದ ಕೂಡಲೇ ಮಾತಾಡೋಕೆ ಬೇಜಾರು," ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಆ ನಗು ಅಡುಗೆಮನೆಗೆ ಕೇಳುತ್ತಿತ್ತು. ಅಮ್ಮ ಮಾಡುತ್ತಿದ್ದ ಕೆಲಸಗಳೆಲ್ಲ ಹಾಗೇ ಉಳಿಯತೊಡಗಿದ್ದವು: ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು, ಮಧ್ಯಾಹ್ನದ ಪಾತ್ರೆ. ಎಂಟನೆಯ ದಿನ ಸೊಸೆ ಅಂಗಡಿಯಿಂದ ಬಂದು ಸಿಂಕು ನೋಡಿ, ಚೀಲವನ್ನೂ ಇಳಿಸದೆ ಕೋಣೆಯ ಬಾಗಿಲಿಗೆ ಬಂದಳು.

"ಅತ್ತೆ, ಬೆಳಗಿನ ತಟ್ಟೆ ಸಿಂಕಲ್ಲೇ ಇದೆ."

"ಐದು ನಿಮಿಷ ಕಣಮ್ಮ, ಇದೊಂದು ಮುಗಿಸಿ ಬರ್ತೀನಿ."

"ನಾನೂ ನಿಂತೇ ಕೆಲಸ ಮಾಡಿ ಬಂದಿದ್ದೀನಿ."

"ಬಾಗಿಲು ಹಾಕು, ಧೂಳು ಬರತ್ತೆ," ಎಂದ ಗಂಡ, ತಲೆಯೆತ್ತದೆ.

ಹೆಂಡತಿ ಬಾಗಿಲು ಹಾಕಲಿಲ್ಲ. "ಆರು ವರ್ಷದ ಹಿಂದೆ ನಾನೂ ಒಂದಿನ ಪಕ್ಕದಲ್ಲಿ ಕೂತ್ಕೊಳ್ಲಾ ಅಂತ ಕೇಳಿದ್ದೆ. ಜ್ಞಾಪಕ ಇದೆಯೇನ್ರೀ? ಮುಟ್ಬೇಡ, ನಿನಗೆ ಅರ್ಥ ಆಗಲ್ಲ ಅಂದ್ರಿ. ನನ್ನ ಕೈಯಲ್ಲಿ ಏನು ಮುಳ್ಳಿತ್ತಾ? ದಿನಾ ಸಾಸಿವೆಕಾಳಿನಷ್ಟು ಸ್ಕ್ರೂ ತಿರುಗಿಸೋ ಕೈ ಇದು. ಯಾವತ್ತಾದ್ರೂ ಈ ಹಗ್ಗ ಎಲ್ಲ ಕಿತ್ತು ಹೊರಗೆ ಎಸೀತೀನಿ ನೋಡಿ."

ಅಂದು ಊಟಕ್ಕೆ ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ ಮಾತ್ರ ಇತ್ತು. ಮೊಟ್ಟೆ ಸುಲಿದುಕೊಡಲು ಅವಳು ಬರಲಿಲ್ಲ. ಅಮ್ಮ ಸುಲಿದು ಕೊಟ್ಟಳು.

ಎರಡನೇ ವಾರದ ಕೊನೆಗೆ ಕೈಯ ಎಕ್ಸ್‌ರೇ ತೆಗೆಸಲು ಗಂಡಹೆಂಡಿರು ಆಸ್ಪತ್ರೆಗೆ ಹೋದರು. ವಾಪಸು ಬಂದು ಮೂರನೇ ಮಹಡಿಯ ಮೆಟ್ಟಿಲು ಏರುವಾಗ ಮೆಕ್ಯಾನಿಕ್ ನಿಂತುಬಿಟ್ಟ. ಮೇಲಿನಿಂದ ಒಂದು ಸದ್ದು ಬರುತ್ತಿತ್ತು. ತಗ್ಗಿದ ಸ್ವರದಲ್ಲಿ ಯಾರೋ ಏನೋ ಕೇಳುತ್ತಾರೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಹಳ ದೂರದಿಂದ, ಅದೇ ಸ್ವರ ಸವೆದು, ಬೇರೆಯದೇ ಆಗಿ, ಉತ್ತರವಾಗಿ ಬರುತ್ತದೆ. ಮತ್ತೆ ಕೇಳುವಿಕೆ. ಈ ಸಲ ಇನ್ನೂ ತಡ.

ಕೋಣೆಯಲ್ಲಿ ಅಮ್ಮ ಮಿಷನ್ನಿನ ಮುಂದೆ ಕೂತಿದ್ದಳು. ನೆಲದ ಮೇಲೆ ಗಿಣಿ ಮೊಣಕಾಲಿಗೆ ಗಲ್ಲ ಕೊಟ್ಟು ಕೂತಿದ್ದಳು. ಅವಳ ಹೆಡ್‌ಫೋನು ಕತ್ತಿನಲ್ಲಿ ಜೋತುಬಿದ್ದಿತ್ತು.

"ಇದೇನು ಮಾಡಿದ್ದೀಯ?" ಎಂದ ಅವನು.

"ಸುಮ್ನೆ ನೋಡ್ತಿದ್ದೆ," ಎಂದಳು ಅಮ್ಮ. "ಆಗ ದೂರದ ಲೈನ್ ಹೀಗೇ ಇರ್ತಿತ್ತು. ನಾವು ಹಲೋ ಅಂದ್ರೆ ಅದು ಹೋಗಿ ಮುಟ್ಟಿ ಬರೋ ಹೊತ್ತಿಗೆ ನಮ್ಮ ದನೀನೇ ನಮಗೆ ಗುರುತು ಸಿಗ್ತಿರ್ಲಿಲ್ಲ. ಟೇಪಿನ ಪೆಟ್ಟಿಗೆಯಿಂದ ಬಂದದ್ದನ್ನ ತಿರುಗಿ ಮೊದಲನೇ ಫಲಕಕ್ಕೆ ಕೊಟ್ಟೆ."

"ಹಾಗೆ ಕೊಡಬಾರದು. ಸ್ವರ ಹರಿದುಹೋಗತ್ತೆ."

"ಸ್ವಲ್ಪ ಹರೀತು," ಎಂದು ಅಮ್ಮ ಒಪ್ಪಿಕೊಂಡಳು. "ಅದೇ ಚೆನ್ನಾಗಿದೆ ಅನ್ನಿಸ್ತು."

"ಅಪ್ಪ, ಅಳು ಬರೋ ಹಾಗಿದೆ ಕೇಳು," ಎಂದಳು ಗಿಣಿ.

ಮೆಕ್ಯಾನಿಕ್ ಕೇಳಲಿಲ್ಲ. ಊಟಕ್ಕೆ ಹೊತ್ತಾಯಿತೆಂದು ಹೇಳಿ ಸ್ವಿಚ್ ಆರಿಸಿದ. ಹನ್ನೊಂದೂವರೆ ಗಂಟೆಗೆ ಆ ಮನೆಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ.

ಅದರ ಮರುವಾರ ನಿರ್ದೇಶಕಿ ಕೇಳಲು ಬಂದರು. ಹೆಂಡತಿ ಚಹಾ, ಬಿಸ್ಕತ್ತು ಇಟ್ಟಳು. ಮೆಕ್ಯಾನಿಕ್ ಇಸ್ತ್ರಿ ಅಂಗಿಯ ಒಂದು ತೋಳು ಕತ್ತರಿಸಿ ತೊಟ್ಟಿದ್ದ. ಅವನು ಹೇಳಿದಂತೆ ಅಮ್ಮ ಚುಚ್ಚಿದಳು, ತಿರುಗಿಸಿದಳು; ಮೂರು ದೃಶ್ಯದ ಮೂರು ಸದ್ದೂ ಬಂದವು.

"ಚೆನ್ನಾಗಿದೆ," ಎಂದರು ನಿರ್ದೇಶಕಿ, ಪಕ್ಕದ ಮನೆಯ ಪರದೆ ನೋಡಿ ಹೇಳುವಂತೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು.

"ಅಜ್ಜಿದೊಂದು ಇದೆ ಆಂಟಿ," ಎಂದಳು ಗಿಣಿ. "ಅದನ್ನೂ ಕೇಳಿ."

"ಅದು ಸುಮ್ನೆ ಆಟಕ್ಕೆ ಮಾಡಿದ್ದು," ಎಂದ ಮೆಕ್ಯಾನಿಕ್.

"ಕೇಳೋಣ," ಎಂದರು ಅವರು.

ಅಮ್ಮ ಮಗನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಅವಳು ಇದ್ದ ಕೇಬಲ್ಲುಗಳನ್ನು ಕಿತ್ತು ಹೊಸದಾಗಿ ಜೋಡಿಸಿದಳು. ಇಪ್ಪತ್ತಾರು ಕೇಬಲ್ಲು, ಐದು ನಿಮಿಷವೂ ಹಿಡಿಯಲಿಲ್ಲ. ಸದ್ದು ಶುರುವಾದಾಗ ನಿರ್ದೇಶಕಿ ಕಪ್ಪನ್ನು ಕೆಳಗಿಟ್ಟರು. ಮುಗಿದ ಮೇಲೆ ಇನ್ನೊಂದು ಸಲ ಹಾಕಿ ಎಂದರು. ಅದೂ ಮುಗಿದ ಮೇಲೆ ಅಮ್ಮನ ಕಡೆ ತಿರುಗಿದರು.

"ಎರಡನೇ ದೃಶ್ಯದಲ್ಲಿ ಅವಳು ಕಾಯ್ತಾ ಕೂತಿರ್ತಾಳೆ. ಮಾತೇ ಇಲ್ಲ. ಎಂಟು ನಿಮಿಷ. ನನಗೆ ಬೇಕಾಗಿದ್ದು ಇದೇ. ರೆಕಾರ್ಡ್ ಬೇಡ, ಆಕೆ ಒಂದೊಂದು ದಿನ ಒಂದೊಂದು ಥರ ಕಾಯ್ತಾಳೆ. ಅಲ್ಲೇ ಕೂತು ನುಡಿಸ್ಬೇಕು. ಮಾಡಿದ್ದು ಯಾರು, ನೀವೇನಾ ಅಮ್ಮ?"

"ಎಲ್ಲ ಅವನೇ ಹೇಳ್ಕೊಟ್ಟಿದ್ದು," ಎಂದಳು ಅಮ್ಮ.

ಮೆಕ್ಯಾನಿಕ್ಕಿಗೆ ಬೈಗುಳವಾದರೂ ಇಷ್ಟು ನಾಟುತ್ತಿರಲಿಲ್ಲ. "ಹೂಂ," ಎಂದ.

ಅವರು ಹೋದ ಮೇಲೆ ಊಟದ ಮೇಜಿನಲ್ಲಿ ಮಾತು ಶುರುವಾಯಿತು.

"ನನಗೆ ಬಿಟ್ಟುಕೊಡೋ ಹಾಗೆ ಮಾತಾಡ್ಬೇಡ ಅಮ್ಮ. ನಾನೇನು ಭಿಕ್ಷೆ ಕೇಳಿದ್ನಾ?"

"ನಿನ್ನ ಮಿಷನ್ ತಾನೆ. ನಿನ್ನ ಹೆಸರು ಹೇಳಿದೆ."

"ನೀನು ಮಾಡಿದ್ದು ಏನು ಅಂತ ನಿನಗೇ ಗೊತ್ತಿಲ್ಲ. ಕೈಗೆ ಸಿಕ್ಕಿದ ತೂತಿಗೆ ಚುಚ್ಚಿದೀಯ, ಏನೋ ಬಂತು. ಅದು ಎಕ್ಸ್‌ಚೇಂಜ್ ಬೋರ್ಡ್ ಅಲ್ಲ."

ಅಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. "ನಿನಗೆ ಹೊಟ್ಟೆಕಿಚ್ಚು ಕಣೋ," ಎಂದಳು, ನಿನಗೆ ಜ್ವರ ಬಂದಿದೆ ಎನ್ನುವ ದನಿಯಲ್ಲಿ.

"ಹೆತ್ತ ತಾಯಿ ಮೇಲೆ ಯಾರಿಗಾದ್ರೂ ಹೊಟ್ಟೆಕಿಚ್ಚು ಬರತ್ತಾ?"

ಹೆಂಡತಿ ನಕ್ಕುಬಿಟ್ಟಳು. "ಬರತ್ತೆ ಬರತ್ತೆ. ನನಗೆ ಮರದ ಪೆಟ್ಟಿಗೆ ಮೇಲೆ ಬರೋದಾದ್ರೆ, ನಿಮಗೆ ತಾಯಿ ಮೇಲೆ ಯಾಕೆ ಬರಬಾರದು?"

ಅವನು ಅರ್ಧ ತಟ್ಟೆ ಬಿಟ್ಟು ಎದ್ದ.

ಶನಿವಾರ ಮಧ್ಯಾಹ್ನ ಅಮ್ಮ ಗಿಣಿಯನ್ನು ಕರೆದುಕೊಂಡು ತರಕಾರಿಗೆ ಹೋದಳು. ಹೆಂಡತಿ ಆಗಷ್ಟೇ ಅಂಗಡಿಯಿಂದ ಬಂದು ಸ್ನಾನಕ್ಕೆ ಹೋಗಿದ್ದಳು. ಮೆಕ್ಯಾನಿಕ್ ಕೋಣೆಗೆ ಹೋದ. ಅಮ್ಮನ ಜೋಡಣೆ ಹಾಗೇ ಇತ್ತು; ಅದನ್ನು ನಾಟಕದವರೆಗೆ ಯಾರೂ ಮುಟ್ಟಬಾರದೆಂದು ಗಿಣಿ ಒಂದು ಚೀಟಿ ಅಂಟಿಸಿದ್ದಳು. ಅವನು ಎಡಗೈಯಿಂದ ಮೊದಲ ಕೇಬಲ್ ಕಿತ್ತ. ಆಮೇಲೆ ಇನ್ನೊಂದು. ಇಪ್ಪತ್ತಾರನ್ನೂ ಕಿತ್ತು ಗೋಡೆಯ ಕೊಕ್ಕೆಗೆ ನೇತುಹಾಕಿದ. ಗುಂಡಿಗಳನ್ನೂ ಒಂದೊಂದಾಗಿ ಸೊನ್ನೆಗೆ ತಿರುಗಿಸಿದ. ಬಾಗಿಲೆಳೆದುಕೊಂಡು ಹೊರಗೆ ಬಂದು ಟಿವಿ ಮುಂದೆ ಕೂತ.

ಮೊದಲು ನೋಡಿದವಳು ಗಿಣಿ. ಕೈಯಲ್ಲಿ ಕ್ಯಾರೆಟ್ಟಿನ ಚೀಲ ಹಿಡಿದೇ ಅಡುಗೆಮನೆಗೆ ಬಂದಳು.

"ಅಮ್ಮ, ನೀನೇ ತಾನೆ?"

"ಏನು ನಾನೇ?"

"ಅಜ್ಜಿ ಕೇಬಲ್ ಎಲ್ಲ ಕಿತ್ತಿದ್ದು. ಕಿತ್ತು ಎಸೀತೀನಿ ಅಂತ ಅವತ್ತೇ ಹೇಳಿದ್ದೆ. ಮನೇಲಿ ನಿನಗೊಬ್ಬಳಿಗೇ ಅದನ್ನ ಕಂಡ್ರೆ ಆಗಲ್ಲ."

ಹೆಂಡತಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ಕೋಣೆಗೆ ಹೋಗಿ ನೋಡಿದಳು. ಅಮ್ಮ ಆಗಲೇ ಅಲ್ಲಿ ನಿಂತಿದ್ದಳು. ಬಾಗಿಲಲ್ಲಿ ಗಂಡ ನಿಂತಿದ್ದ. ಅವನು ಬಾಯಿ ಬಿಡಲಿಲ್ಲ. ಹೆಂಡತಿ ಕೊಕ್ಕೆಯ ಕಡೆ ನೋಡಿದಳು. ಕೇಬಲ್ಲುಗಳು ಉದ್ದದ ಪ್ರಕಾರ ನೇತಾಡುತ್ತಿದ್ದವು, ಗಿಡ್ಡದು ಮುಂದೆ, ಉದ್ದದ್ದು ಹಿಂದೆ. ಆ ಮನೆಯಲ್ಲಿ ಹಾಗೆ ನೇತುಹಾಕುವ ಮನುಷ್ಯ ಒಬ್ಬನೇ.

"ನಾನಲ್ಲ," ಎಂದಷ್ಟೇ ಹೇಳಿ ಅವಳು ಹೊರಗೆ ಹೋದಳು. ಗಿಣಿ ಅವಳ ಜೊತೆ ಮಾತು ಬಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ನೀರು ಕುಡಿಯಲು ಬಂದ ಗಂಡನನ್ನು ಅವಳು ಕೇಳಿದಳು, "ನೀವು ಹೇಳ್ತೀರೋ, ನಾನೇ ಹೇಳ್ಬೇಕೋ?"

"ನಾನೇ ಮತ್ತೆ ಜೋಡಿಸ್ತೀನಿ. ಆಮೇಲೆ ಹೇಳ್ತೀನಿ."

"ನಿಮ್ಮ ಮಗಳು ನನ್ನ ಮುಖ ನೋಡ್ತಿಲ್ಲ. ಅದನ್ನ ಯಾವ ಕೊಕ್ಕೆಗೆ ನೇತುಹಾಕ್ತೀರಿ?"

ಅವನು ಲೋಟ ತೊಳೆಯದೆ ಇಟ್ಟು ಹೋದ.

ನಾಲ್ಕು ದಿನ ಪ್ರಯತ್ನಪಟ್ಟ. ಗಿಣಿಯ ಫೋನಿನಲ್ಲಿ ಆ ಸದ್ದಿನ ಅರ್ಧ ನಿಮಿಷದ ರೆಕಾರ್ಡಿತ್ತು. ಅದನ್ನು ತನ್ನ ಫೋನಿಗೆ ತರಿಸಿಕೊಂಡು ಮತ್ತೆ ಮತ್ತೆ ಹಾಕಿ, ಎಡಗೈಯಲ್ಲಿ ಚುಚ್ಚಿ, ಕಿತ್ತು, ಚುಚ್ಚಿದ. ಯಾವ ಫಲಕ ಏನು ಮಾಡುತ್ತದೆಂಬುದು ಅವನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಆದರೂ ಕೇಳುವ ಸ್ವರ ಬರುತ್ತಿತ್ತು, ಉತ್ತರ ಬರುತ್ತಿತ್ತು, ನಡುವಿನ ಕಾಯುವಿಕೆ ಮಾತ್ರ ಬರುತ್ತಿರಲಿಲ್ಲ. ಅಲ್ಲಿ ಖಾಲಿ ಜಾಗ ಇರುತ್ತಿತ್ತು, ಅಷ್ಟೇ. ಅಮ್ಮ ಕೋಣೆಯ ಕಡೆ ತಲೆ ಹಾಕಲಿಲ್ಲ. ಮತ್ತೆ ಬಟಾಣಿ ಸುಲಿಯಲು, ಬಟ್ಟೆ ಮಡಚಲು ಕೂತಳು.

"ಜ್ಞಾಪಕ ಇಲ್ವಾ ಅಜ್ಜಿ ನಿನಗೆ?" ಎಂದು ಗಿಣಿ ಕೇಳಿದಾಗ, "ಇಲ್ಲ ಕಣೆ. ನಮಗೆ ಮರೆಯೋದನ್ನೇ ಕಲಿಸಿದ್ರು. ಕಾಲ್ ಮುಗೀತು, ತಂತಿ ಕಿತ್ತೆ, ಮರೆತೆ. ಇಲ್ಲದಿದ್ರೆ ಊರವರ ಗುಟ್ಟೆಲ್ಲ ಹೊತ್ಕೊಂಡು ಮನೆಗೆ ಬರಬೇಕಾಗ್ತಿತ್ತು," ಎಂದಳು.

ಗುರುವಾರ ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರೂ ಮೇಜಿಗಿದ್ದರು. ಹೆಂಡತಿ ಕೆಟಲಿನಿಂದ ಚಹಾ ಬಗ್ಗಿಸಿ ಮಗಳ ಕಡೆ ತಳ್ಳಿದಳು. ಗಿಣಿ ಅದನ್ನು ಮುಟ್ಟದೆ ಎದ್ದುಹೋಗಿ ನೀರು ತಂದುಕೊಂಡಳು. ಹೆಂಡತಿ ಆ ಕಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕಿತ್ತಿದ್ದು ನಾನು," ಎಂದ ಮೆಕ್ಯಾನಿಕ್.

ಗಿಣಿ ಲೋಟ ಕೆಳಗಿಟ್ಟಳು.

"ಎಡಗೈಯಲ್ಲೇನಾ?" ಎಂದಳು ಅಮ್ಮ.

"ಹೂಂ."

"ಎಷ್ಟು ಹೊತ್ತು ಹಿಡೀತು?"

"ಕಾಲು ಗಂಟೆ."

"ಕಾಲು ಗಂಟೇಲಿ ಒಂದು ಸಲಾನೂ ಬೇಡ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಹದಿನಾಲ್ಕನೇದು ಕೀಳೋವಾಗ."

"ಮತ್ತೆ?"

"ಅರ್ಧ ಹೋಯ್ತಲ್ಲ ಅಂತ ಮಿಕ್ಕಿದ್ದೂ ಕಿತ್ತೆ."

ಅಮ್ಮ ಬಹಳ ಹೊತ್ತು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದಳು. "ಅವತ್ತೇ ಗೊತ್ತಾಯ್ತು ನನಗೆ. ನೀನು ಕಿತ್ತಿದ್ದಕ್ಕಿಂತ, ಇವಳ ಮೇಲೆ ತಪ್ಪು ಬಂದಾಗ ಸುಮ್ಮನೆ ನಿಂತ್ಯಲ್ಲ, ಅದು ದೊಡ್ಡದು. ನನಗೆ ಸಿಟ್ಟಿದೆ. ಬೇಗ ಹೋಗಲ್ಲ ಅದು."

"ಗೊತ್ತಿತ್ತು, ಆದ್ರೂ ನೀವೂ ಐದು ದಿನ ಸುಮ್ಮನಿದ್ರಲ್ಲ ಅತ್ತೆ," ಎಂದಳು ಸೊಸೆ.

"ತಪ್ಪಾಯ್ತು ಕಣಮ್ಮ," ಎಂದಳು ಅಮ್ಮ. "ಅವನೇ ಹೇಳ್ಲಿ ಅಂತ ಕಾದೆ. ನಿನ್ನನ್ನ ಮರೆತೆ."

ಗಿಣಿ ತಾಯಿಯ ತೋಳು ಹಿಡಿದು ಏನೋ ಹೇಳಹೊರಟಳು. "ಒಂದು ತಿಂಗಳು ಎಲ್ಲರ ಬಟ್ಟೆ ನೀನೇ ಮಡಚು. ಅಷ್ಟು ಸಾಕು," ಎಂದು ಹೆಂಡತಿ ತೋಳು ಬಿಡಿಸಿಕೊಂಡಳು. ಆಮೇಲೆ ತಣ್ಣಗಾದ ಚಹಾ ಚೆಲ್ಲಿ ಮಗಳಿಗೆ ಬೇರೆ ಬಗ್ಗಿಸಿ ಕೊಟ್ಟಳು.

ಅಮ್ಮ ತನ್ನ ಮಾತು ಹೇಳಿದಳು. ನಾಟಕದವರಿಗೆ ಹೂಂ ಎಂದಾಗಿದೆ, ಸದ್ದು ಮಾಡಬೇಕು. ಹಳೆಯದು ಬರುವುದಿಲ್ಲ, ಬೇರೆ ಮಾಡುತ್ತಾಳೆ. ಜೊತೆಗೆ ಸೊಸೆ ಇರುತ್ತಾಳೆ. ಅವಳ ಕಣ್ಣು ಚುರುಕು, ಕೈ ಹಗುರ. ಮಗ ಕೋಣೆಯ ಹೊರಗೆ.

"ನನ್ನ ಮಿಷನ್ ಅದು," ಎಂದ ಅವನು.

"ಹೌದು. ಅಡುಗೆಮನೆ ನಮ್ಮದು. ಇಷ್ಟು ದಿನ ಅದನ್ನ ನಾವು ನೋಡ್ಕೊಂಡ್ವಿ, ಈಗ ನೀನು ನೋಡ್ಕೋ."

ಮುಂದಿನ ಎರಡು ವಾರ ಮೆಕ್ಯಾನಿಕ್ ಪ್ಲಾಸ್ಟರ್ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಪಾತ್ರೆ ತೊಳೆದ. ಕ್ಯಾರೆಟ್ಟನ್ನು ಪ್ಲಾಸ್ಟರಿನಿಂದ ಒತ್ತಿಹಿಡಿದು ಎಡಗೈಯಲ್ಲಿ ಹೆಚ್ಚಿದ. ಒಂದೊಂದು ಹೋಳು ಒಂದೊಂದು ಗಾತ್ರ. ಮುಚ್ಚಿದ ಬಾಗಿಲಿನ ಆಚೆಯಿಂದ ಅವನ ಮಿಷನ್ನಿನ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಬೇರೆಯಾಗಿ ಬರುತ್ತಿತ್ತು. ನಡುವೆ ಅತ್ತೆ ಸೊಸೆಯ ಮಾತು. ಒಮ್ಮೆ ಹೆಂಡತಿ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿ ವರ್ಷಗಳಾಗಿದ್ದವು. ಏನಕ್ಕೆಂದು ಊಟಕ್ಕೆ ಕೂತಾಗ ಕೇಳಿದ.

"ಅದು ನಿಮಗೆ ಅರ್ಥ ಆಗಲ್ಲ," ಎಂದಳು ಹೆಂಡತಿ. ಗಿಣಿ ಬಾಯಿಗಿಟ್ಟ ಹೋಳು ಉಗುಳುವಷ್ಟು ನಕ್ಕಳು. ಅಮ್ಮ ನಗಲಿಲ್ಲ. ಅವಳ ಸಿಟ್ಟು ಇನ್ನೂ ಇತ್ತು.

ಆ ವಾರವೇ ಅವನು ನಿರ್ದೇಶಕಿಗೆ ಫೋನ್ ಮಾಡಿದ. "ಆ ಎರಡನೇ ದೃಶ್ಯದ್ದು ನಮ್ಮಮ್ಮ ಮಾಡಿದ್ದು ಮೇಡಂ. ನಾನು ಹೇಳ್ಕೊಟ್ಟಿದ್ದಲ್ಲ."

"ಗೊತ್ತಿತ್ತು. ಅದು ಬರ್ತಿದ್ದಾಗ ನೀವು ಕಿಟಕಿ ನೋಡ್ತಿದ್ರಲ್ಲ, ಆಗಲೇ ಗೊತ್ತಾಯ್ತು," ಎಂದರು ಅವರು. "ನಿಮ್ಮವೆರಡು ಇರ್ತವೆ, ಮೊದಲನೇದು, ಮೂರನೇದು. ಬಿಡ್ಬೇಡಿ."

ನಾಟಕಕ್ಕೆ ಎರಡು ದಿನ ಮೊದಲು ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕೈ ಬಿಳಿಚಿಕೊಂಡು ಸೊರಗಿತ್ತು. ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಆ ಕೈಯನ್ನೂ ಹಚ್ಚಿ ಅವನು ಚೌಕಟ್ಟನ್ನು ರಂಗಮಂದಿರಕ್ಕೆ ಸಾಗಿಸಿದ, ವೇದಿಕೆಯ ಪಕ್ಕದಲ್ಲಿ ಇರಿಸಿದ, ಹಳೆಯ ಸಿಂಥನ್ನು ಬೇಗ ಬಿಸಿಗಿಟ್ಟ. ಮೊದಲ ದೃಶ್ಯದ ಸದ್ದನ್ನು ತಾನೇ ನುಡಿಸಿದ. ಮುಗಿದ ಕೂಡಲೇ ತನ್ನ ಕೇಬಲ್ಲುಗಳನ್ನು ಕಿತ್ತು ಅಮ್ಮನ ಕೈಗಿತ್ತು, ಕತ್ತಲಲ್ಲಿ ಬಗ್ಗಿಕೊಂಡು ಬಂದು ಹೆಂಡತಿ ಮಗಳ ನಡುವಿನ ಕುರ್ಚಿಯಲ್ಲಿ ಕೂತ.

ಪ್ರೇಕ್ಷಕರಿಗೆ ಕೊಟ್ಟ ಹಾಳೆ ಅವನ ಮಡಿಲಲ್ಲಿತ್ತು. ಅದರಲ್ಲಿ ಸದ್ದಿನ ಸಾಲಿನಲ್ಲಿ ಇಬ್ಬರ ಹೆಸರಿತ್ತು, ಅಮ್ಮನದು ಮೊದಲು.

ವೇದಿಕೆಯ ಮೇಲೆ ಒಬ್ಬಳು ಹೆಂಗಸು ಮೇಜಿನ ಮುಂದೆ ಬಂದು ಕೂತಳು. ಪಕ್ಕದಿಂದ ತಗ್ಗಿದ ಸ್ವರ ಕೇಳಿತು. ಅದು ಮೊದಲಿನದಲ್ಲ. ಅದಕ್ಕಿಂತ ಬರಿದಾಗಿತ್ತು, ಅದಕ್ಕಿಂತ ಒಳ್ಳೆಯದಾಗಿತ್ತು. ಕೇಳಿತು, ನಿಂತಿತು. ಸಭೆಯಲ್ಲಿ ಕೆಮ್ಮುತ್ತಿದ್ದವರೊಬ್ಬರು ಕೆಮ್ಮನ್ನು ಅರ್ಧಕ್ಕೆ ಹಿಡಿದುಕೊಂಡರು. ಮೆಕ್ಯಾನಿಕ್ ದವಡೆ ಬಿಗಿದು ಕೂತಿದ್ದ.

ಹೆಂಡತಿ ಅವನ ಕಿವಿಯ ಬಳಿ ಬಗ್ಗಿದಳು. "ಇನ್ನೂ ಹೊಟ್ಟೆ ಉರೀತಿದೆಯೇನ್ರೀ?"

"ಉರೀತಿದೆ."

"ತುಂಬಾನಾ?"

"ತುಂಬ."

ಅವಳು ಅವನ ಸೊರಗಿದ ಮಣಿಕಟ್ಟಿನ ಮೇಲೆ ಕೈಯಿಟ್ಟಳು. "ಇರ್ಲಿ ಬಿಡಿ. ಕೇಳಿ," ಎಂದಳು.

ದೂರದಿಂದ ಉತ್ತರ ಇನ್ನೂ ಬಂದಿರಲಿಲ್ಲ. ವೇದಿಕೆಯ ಹೆಂಗಸು ಕಾಯುತ್ತಿದ್ದಳು. ಅವಳ ಜೊತೆ ಅವನೂ ಕಾದ.